ಹತ್ತೂವರೆ ವೋಲ್ಟಿನ ತನಕ

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವುದನ್ನೂ ತಳ ಕಾಣುವ ತನಕ ಬಳಸುವ ಧೈರ್ಯ ನನಗಿಲ್ಲ. ಚಹಾದ ಕಪ್ಪಿನಲ್ಲಿ ಒಂದು ಗುಟುಕು ಉಳಿಸಿಯೇ ಏಳುತ್ತೇನೆ. ಪೆನ್ನಿನ ರೀಫಿಲ್ಲಿನಲ್ಲಿ ಎರಡು ಬೆರಳಷ್ಟು ಶಾಯಿ ಇರುವಾಗಲೇ ಹೊಸದನ್ನು ತರುತ್ತೇನೆ, ಹಳೆಯದನ್ನು ಎಸೆಯುವುದೂ ಇಲ್ಲ. ಮೋಟಾರ್ ಸೈಕಲ್ಲಿನ ಟ್ಯಾಂಕು ಅರ್ಧಕ್ಕೆ ಬಂತೆಂದರೆ ಹ್ಯಾಂಡಲ್ಲು ತಾನಾಗಿ ಬಂಕಿನ ಕಡೆ ತಿರುಗುತ್ತದೆ. ಮೊಬೈಲಿನ ಚಾರ್ಜು ನಲವತ್ತಕ್ಕೆ ಇಳಿದರೆ ಎದೆ ಡವಡವ ಅನ್ನುತ್ತದೆ. ನನ್ನ ಹೆಂಡತಿ ಸುನೀತಾ ಈ ಪಟ್ಟಿಗೆ ಇನ್ನೊಂದು ಸೇರಿಸುತ್ತಾಳೆ. "ನಿಮ್ಮ ಕೂಡ ಇಷ್ಟು ವರ್ಷ ಬಾಳೇ ಮಾಡೀನಿ, ಒಂದು ಜಗಳಾನರೆ ಪೂರಾ ಆಡೀರೇನು? ನಡುವೇ ಎದ್ದು ಹೊಂಟು ಬಿಡ್ತೀರಿ" ಎನ್ನುತ್ತಾಳೆ. ಇದಕ್ಕೆ ಉತ್ತರ ಕೊಡಬಹುದು, ಆದರೆ ಅಷ್ಟರಲ್ಲಿ ನಾನು ಎದ್ದು ಹೊರಟಿರುತ್ತೇನೆ.

ಈ ರೋಗ ನನಗೆ ಹತ್ತಿದ್ದು ಅವ್ವನಿಂದ. ಹುಮನಾಬಾದಿನ ನಮ್ಮ ಮನೆಯಲ್ಲಿ ರೊಟ್ಟಿ ಬುಟ್ಟಿ ಯಾವತ್ತೂ ಬರಿದಾದದ್ದನ್ನು ನಾನು ನೋಡಿಲ್ಲ. ಎಲ್ಲರದೂ ಊಟವಾದ ಮೇಲೆ ತಳದಲ್ಲಿ ಒಂದು ಜೋಳದ ರೊಟ್ಟಿ ಬಟ್ಟೆ ಹೊದ್ದುಕೊಂಡು ಮಲಗಿರಬೇಕು. ಹಿಟ್ಟಿನ ಡಬ್ಬಿಯಲ್ಲಿ ಒಂದು ಹಿಡಿ ಹಿಟ್ಟು ಇರಬೇಕು. ಡಬ್ಬಿಯನ್ನು ಬೋರಲು ಹಾಕಿ ಕೈಯಿಂದ ಬಡಿದರೆ ಅವ್ವನ ಮುಖ ಕಪ್ಪಿಡುತ್ತಿತ್ತು. ನಾನೂ ಅಕ್ಕನೂ ಇನ್ನೂ ಅರ್ಧ ಹಸಿವೆಯಲ್ಲಿ ಆ ಒಂದು ರೊಟ್ಟಿಯನ್ನು ಕಣ್ಣಲ್ಲೇ ತಿನ್ನುತ್ತಿದ್ದೆವು, ಆದರೆ ಕೈ ಹಾಕಿದವರಿಲ್ಲ. ಹೀಗೆ ಬೆಳೆದವನು ಮುಂದೆ ವಿಜ್ಞಾನದ ಮಾಸ್ತರನಾದರೆ, ಅದರಲ್ಲೂ ಬ್ಯಾಟರಿಯ ಪಾಠ ಮಾಡುವ ಮಾಸ್ತರನಾದರೆ, ಏನಾಗುತ್ತದೆ ಎಂದು ಹೇಳಲಿಕ್ಕೇ ಈಗ ಕುಳಿತಿದ್ದೇನೆ.

ಇನ್ವರ್ಟರಿನ ಬ್ಯಾಟರಿ ತುಂಬಿದ್ದಾಗ ಹನ್ನೆರಡೂಮುಕ್ಕಾಲು ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಲೈಟು ಹೋದಾಗ ನಮಗೆ ಕರೆಂಟು ಕೊಡುತ್ತ ಕೊಡುತ್ತ ಅದು ಇಳಿಯುತ್ತದೆ. ಹತ್ತೂವರೆಗೆ ಬಂದರೆ ಅದರ ಹೊಟ್ಟೆ ಖಾಲಿ. ಅಲ್ಲಿಂದಲೂ ಎಳೆದರೆ ಒಳಗಿನ ಸೀಸದ ಹಲಗೆಗಳ ಮೇಲೆ ಬಿಳಿಯ ಉಪ್ಪು ಕೂತು ಬ್ಯಾಟರಿಯ ಆಯುಷ್ಯ ಕಮ್ಮಿಯಾಗುತ್ತದೆ. ಅದಕ್ಕೇ ಇನ್ವರ್ಟರಿನಲ್ಲಿ ಒಂದು ಗಡಿ ಇಟ್ಟಿರುತ್ತಾರೆ. ವೋಲ್ಟೇಜು ಆ ಗಡಿಗೆ ಇಳಿದ ತಕ್ಷಣ ಡಬ್ಬಿ ಒಂದು ಸಲ ಕಿರ್ ಎಂದು ಕೂಗಿ, ಕೊಡುವುದನ್ನು ನಿಲ್ಲಿಸುತ್ತದೆ. ಇದಕ್ಕೆ ಕಟ್ ಆಫ್ ಎಂದು ಹೆಸರು, ನಮ್ಮ ಕಡೆಯ ಅಂಗಡಿಯವರು ಲೋ ಕಟ್ ಎನ್ನುತ್ತಾರೆ. ಕೆಲವು ಇನ್ವರ್ಟರುಗಳಲ್ಲಿ ಆ ಗಡಿಯನ್ನು ಗುಂಡಿ ಒತ್ತಿ ನಾವೇ ಏರಿಸಿ ಇಳಿಸಬಹುದು. ನನ್ನಂಥವನ ಕೈಗೆ ಅಂಥ ಗುಂಡಿ ಕೊಡಬಾರದಿತ್ತು.

ಇನ್ನೊಂದು ತಮಾಷೆ ಕೇಳಿ. ನಾನು ಈಗ ಇರುವುದು ಬಸವಕಲ್ಯಾಣದಲ್ಲಿ. ನಾಳೆಗೆಂದು ಕೂಡಿಡುವುದು ತಪ್ಪು, ಇವತ್ತು ದುಡಿ, ಇವತ್ತೇ ನೀಡಿಬಿಡು ಎಂದ ಶರಣರ ಊರು. ಅಂಥ ಊರಿನ ಓಣಿಯಲ್ಲಿ ದಿನಾ ಶಾಲೆಗೆ ಹೋಗುತ್ತೇನೆ, ಒಂದು ಜೇಬಿನಲ್ಲಿ ಫೋನು, ಇನ್ನೊಂದು ಜೇಬಿನಲ್ಲಿ ಆ ಫೋನಿಗೆ ಹೆಚ್ಚಿನ ಬ್ಯಾಟರಿ, ಚೀಲದಲ್ಲಿ ಆ ಬ್ಯಾಟರಿಗೆ ಇನ್ನೊಂದು ಹೆಚ್ಚಿನ ವಯರು. ಶರಣರು ಎದುರಿಗೆ ಬಂದರೆ ಚೀಲ ಎಲ್ಲಿ ಬಚ್ಚಿಡಲಿ ಎಂಬ ಚಿಂತೆ ಒಮ್ಮೊಮ್ಮೆ ಬರುವುದುಂಟು.

ಇರಲಿ, ಅಕ್ಕನ ವಿಷಯಕ್ಕೆ ಬರುತ್ತೇನೆ. ನಮ್ಮಕ್ಕ ಜಗದೇವಿಯನ್ನು ಕೊಟ್ಟದ್ದು ಹುಮನಾಬಾದಿನ ಪಕ್ಕದ ಹುಡಗಿ ಎಂಬ ಊರಿಗೆ. ಎರಡು ವರ್ಷದ ಕೆಳಗೆ ಅವಳ ಮಹಿಳಾ ಸಂಘದ ಹತ್ತು ಮನೆಯವರು ಸೇರಿ ಕೋಳಿ ತತ್ತಿಗೆ ಕಾವು ಕೊಡುವ ಮಷೀನು ತಂದರು. ಒಳಗೊಂದು ಬಲ್ಬು, ಒಂದು ಸಣ್ಣ ಫ್ಯಾನು, ನೀರಿನ ತಟ್ಟೆ, ಕಾವಳೆಯುವ ಅಂಕಿ. ಇಪ್ಪತ್ತೊಂದು ದಿನ ಹದ ತಪ್ಪದಂತೆ ಕಾವು ಇರಬೇಕು, ಆಗ ಮರಿ. ಪ್ರತಿ ಮನೆಯಿಂದ ಆರು ಜವಾರಿ ತತ್ತಿ. ಯಾರ ತತ್ತಿ ಯಾವುದು ಎಂದು ತಿಳಿಯಲು ಒಂದೊಂದು ಮನೆಗೆ ಒಂದೊಂದು ಗುರುತು, ಪೆನ್ಸಿಲ್ಲಿನಿಂದ ಒಬ್ಬರದು ಚುಕ್ಕೆ, ಒಬ್ಬರದು ಗೀಟು, ಒಬ್ಬರದು ಸೂರ್ಯ. ಮಷೀನು ಇಟ್ಟದ್ದು ಅಕ್ಕನ ಮನೆಯಲ್ಲಿ, ಏಕೆಂದರೆ ಅವಳೇ ಎಲ್ಲರನ್ನೂ ಒಪ್ಪಿಸಿದ್ದಳು.

ಮೊದಲನೆಯ ಸಲ ನೀರಿನ ತಟ್ಟೆ ಒಣಗಿ ಮರಿಗಳು ತತ್ತಿಯೊಳಗೇ ಉಳಿದವು. ಎರಡನೆಯ ಸಲ ಹದಿನೆಂಟನೆಯ ದಿನ ಲೈಟು ಹೋಗಿ ಇಡೀ ದಿನ ಬರಲಿಲ್ಲ. ಹತ್ತು ಮನೆಯವರು ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಆದರೆ ನೀರಿಗೆ ಹೋದಾಗ ಮಾತು ನಿಲ್ಲಿಸುತ್ತಾರೆ ಎಂದು ಅಕ್ಕ ಫೋನಿನಲ್ಲಿ ಹೇಳಿ ಅತ್ತಳು. ಅಕ್ಕ ಅಳುವುದು ಅಪರೂಪ. "ತಮ್ಮಾ, ಇದೊಂದು ಸಲ ನೋಡ್ತೀನಿ. ಈ ಸಲಾನೂ ಕೆಟ್ರ ಮಷೀನ್ ತಿರುಗಿ ಕೊಟ್ಟು ಸಂಘ ಬಿಟ್ಟುಬಿಡ್ತೀನಿ. ಅವರ ಮುಂದ ಹ್ಯಾಂಗ ಅಡ್ಡಾಡಲಿ" ಎಂದಳು. ನಾನು ಮಾಸ್ತರನ ಗತ್ತಿನಲ್ಲಿ, ನೀ ಚಿಂತಿ ಬಿಡು, ಇನ್ವರ್ಟರ್ ಕೂಡಿಸಿ ಕೊಡುವುದು ನನ್ನ ಕೆಲಸ ಎಂದೆ.

ಹುಮನಾಬಾದಿನಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಇಸ್ಮಾಯಿಲ್ ಭಾಯಿ ನನಗೆ ಹಳೆಯ ಪರಿಚಯ. ಅವನೇ ಬಂದು ಅಕ್ಕನ ಪಡಸಾಲೆಯಲ್ಲಿ ಡಬ್ಬಿ, ಬ್ಯಾಟರಿ ಎರಡನ್ನೂ ಕೂಡಿಸಿದ. ಲೋ ಕಟ್ಟನ್ನು ಹತ್ತೂವರೆಯಿಂದ ಹನ್ನೆರಡರ ತನಕ ಎಲ್ಲಿ ಬೇಕಾದರೂ ಇಡಬಹುದಿತ್ತು. ಅವನು ಹತ್ತೂಮುಕ್ಕಾಲಿಗೆ ಇಟ್ಟು ಬೆವರು ಒರೆಸಿಕೊಂಡ. ನಾನು ಅವನ ಹಿಂದಿನಿಂದ ಕೈ ಚಾಚಿ ಏರಿಸಿದೆ. ಹನ್ನೊಂದು, ಹನ್ನೊಂದೂವರೆ, ಹನ್ನೆರಡು. ಇನ್ನೂ ಏರುತ್ತಿದ್ದರೆ ಇನ್ನೂ ಏರಿಸುತ್ತಿದ್ದೆ.

"ಮಾಸ್ತರ್, ಇದೇನ್ ಮಾಡಾಕತ್ತೀರಿ?" ಎಂದ ಇಸ್ಮಾಯಿಲ್ ಭಾಯಿ. "ಹನ್ನೆರಡಕ್ಕ ಇಟ್ರ ಅರ್ಧಾ ಬ್ಯಾಟ್ರಿ ನನ್ನ ದುಕಾನ್ದಾಗೇ ಬಿಟ್ಟು ಬಂದಂಗ್ರಿ."

"ಅರ್ಧ ಉಳೀಲಿ ಭಾಯಿ. ಎಂಟು ವರ್ಷ ಬಾಳಬೇಕು ಇದು."

"ಬಾಳ್ತದ್ರಿ. ಶೋಕೇಸ್ದಾಗ ಇಟ್ರ ಹತ್ತು ವರ್ಷ ಬಾಳ್ತದ" ಎಂದು ಅವನು ನಕ್ಕ. ನಾನು ನಗಲಿಲ್ಲ. ಅಕ್ಕನ ಗಂಡ, ನಮ್ಮ ಮಾಮಾ, ಕಂಡ ಕಂಡ ಗುಂಡಿ ಒತ್ತುವ ಮನುಷ್ಯ. ಅದಕ್ಕೆ ಎರಡು ಗುಂಡಿಗಳನ್ನು ಕೂಡಿಸಿ ಹಿಡಿದರೆ ಮಾತ್ರ ಗಡಿ ಬದಲಾಗುವ ಹಾಗೆ ಬೀಗವನ್ನೂ ಹಾಕಿ, ಅಂಗೈ ಝಾಡಿಸಿಕೊಂಡು ಬಸವಕಲ್ಯಾಣಕ್ಕೆ ಬಂದೆ. ಬ್ಯಾಟರಿಗೆ ಒಳ್ಳೆಯದನ್ನು ಮಾಡಿದೆ ಎಂಬ ಸಮಾಧಾನ ಇತ್ತು. ತತ್ತಿಗಳ ಯೋಚನೆ ಬಂದಿತ್ತೇ ಎಂದು ನೀವು ಕೇಳಿದರೆ, ಬಂದಿರಲಿಲ್ಲ.

ಮೂರನೆಯ ಸಲ ತತ್ತಿ ಇಟ್ಟ ಇಪ್ಪತ್ತನೆಯ ದಿನ ಬೆಳಿಗ್ಗೆ ಒಂಬತ್ತೂಕಾಲಿಗೆ, ಶಾಲೆಯಲ್ಲಿ ಪ್ರಾರ್ಥನೆಗೆ ಮಕ್ಕಳು ಸಾಲುಗೂಡುತ್ತಿರುವಾಗ, ಅಕ್ಕನ ಫೋನು ಬಂತು. ಹಿಂದಿನ ಸಂಜೆಯ ಗಾಳಿಗೆ ಹುಡಗಿ ಊರ ಹೊಲದಲ್ಲಿ ನಾಲ್ಕು ಕಂಬ ಬಿದ್ದಿದ್ದವಂತೆ. ಆಗಿನಿಂದ ಲೈಟಿಲ್ಲ. ಇಷ್ಟು ಹೊತ್ತು ಇನ್ವರ್ಟರಿನ ಮೇಲೆ ನಡೆದ ಮಷೀನು ಈಗ ನಿಂತಿದೆ.

"ತಮ್ಮಾ, ಎರಡು ತತ್ತ್ಯಾಗ ಮರಿ ಸಿಪ್ಪಿ ಚುಚ್ಚ್ಯಾವ. ಕಿವಿಗೆ ಹಿಡಿದ್ರ ಉಳಿದಾವೂ ಒಳಗ ಚಿವ್ ಚಿವ್ ಅನ್ನಾಕತ್ತಾವ. ನಿನ್ನ ಡಬ್ಬಿ ಬಂದ್ ಆಗ್ಯಾದ. ಮಷೀನ್ ಥಂಡ ಆಗಾಕತ್ಯಾದ. ಕೌದಿ ಹೊಚ್ಚೀನಿ. ಏನ್ ಮಾಡ್ಲಿ ಹೇಳು ಲಗೂ, ನನ್ನ ಫೋನ್ದಾಗೂ ಚಾರ್ಜ್ ಇಲ್ಲ."

ನನಗೆ ಕೂಡಲೇ ಎಲ್ಲ ತಿಳಿಯಿತು. ಬ್ಯಾಟರಿ ಖಾಲಿಯಾಗಿಲ್ಲ. ಅದರ ಹೊಟ್ಟೆಯಲ್ಲಿ ಇನ್ನೂ ಅರ್ಧ ಇದೆ. ಕೊಡಬೇಡ ಎಂದು ಅದಕ್ಕೆ ಹೇಳಿಟ್ಟವನು ನಾನು. ಎರಡು ಗುಂಡಿ ಕೂಡಿಸಿ ಹಿಡಿ ಅಕ್ಕಾ, ಐದು ಎಣಿಸು, ಅಂಕಿ ಮಿಣಿಮಿಣಿ ಅಂದಾಗ ಬಿಡು, ಕೆಳಗಿನ ಗುಂಡಿ ಒತ್ತಿದರೆ ಇಳಿಯುತ್ತದೆ, ಆಮೇಲೆ ಸ್ವಿಚ್ ಆರಿಸಿ ಮತ್ತೆ ಹಾಕು ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಎಣಿಸುವುದು ಕೇಳಿಸುತ್ತಿತ್ತು. ಹಿಂದೆ ನಾಲ್ಕೈದು ಹೆಂಗಸರ ಗುಸುಗುಸು.

"ಮಿಣಿಮಿಣಿ ಅನ್ನಾಕತ್ತದ. ಎಷ್ಟ ತನಕ ಇಳಿಸ್ಲಿ?"

ಇಲ್ಲಿ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಅರವತ್ತು ತತ್ತಿಗಳೊಳಗೆ ಜೀವ ಕೂಗುತ್ತಿದೆ, ಒಡಹುಟ್ಟಿದವಳು ಕೇಳುತ್ತಿದ್ದಾಳೆ, ನನ್ನ ಬಾಯಿಂದ ಬಂದದ್ದು ಹನ್ನೊಂದು ಪಾಯಿಂಟ್ ಎಂಟು. ಹನ್ನೆರಡರಿಂದ ಹನ್ನೊಂದು ಪಾಯಿಂಟ್ ಎಂಟು. ಕೈ ಬಿಚ್ಚಿ ಕೊಟ್ಟದ್ದು ಅಷ್ಟು. ನಾಲಿಗೆಯನ್ನು ಯಾರೋ ಹಿಂದಿನಿಂದ ಹಿಡಿದು ಎಳೆದಂತಾಯಿತು, ಅದಕ್ಕಿಂತ ಕೆಳಗಿನ ಅಂಕಿ ಹೊರಡಲೇ ಇಲ್ಲ. "ಅಷ್ಟೇ ಏನು?" ಎಂದಳು ಅಕ್ಕ. ನಾನು ಉತ್ತರಿಸುವುದರೊಳಗೆ ಫೋನು ಸತ್ತಿತು.

ಮತ್ತೆ ಮಾಡಿದೆ, ಸ್ವಿಚ್ ಆಫ್. ಮಾಮಾನ ಫೋನಿಗೆ ಮಾಡಿದೆ, ಅದೂ ಸ್ವಿಚ್ ಆಫ್. ಇಡೀ ಊರಿನ ಫೋನುಗಳು ಒಟ್ಟಿಗೇ ಬಾಯಿ ಮುಚ್ಚಿದ್ದವು. ಹೆಡ್ ಮಾಸ್ತರರಿಗೆ ಅಕ್ಕನ ಮನೆಯಲ್ಲಿ ಹೆರಿಗೆ ಎಂದು ಹೇಳಿ ರಜೆ ಬರೆದುಕೊಟ್ಟೆ. ಅವರು ಅಕ್ಕನ ವಯಸ್ಸನ್ನು ಮನಸ್ಸಿನಲ್ಲೇ ಲೆಕ್ಕ ಹಾಕುವಷ್ಟರಲ್ಲಿ ಗೇಟು ದಾಟಿದ್ದೆ.

ಹೈವೇಗೆ ಬಂದ ಮೇಲೆ ತಲೆ ಓಡಲು ಶುರುವಾಯಿತು. ಅವಳು ಗಡಿ ಇಳಿಸಿದಳೋ ಇಲ್ಲವೋ ಗೊತ್ತಿಲ್ಲ. ಇಳಿಸಿದ ಮೇಲೆ ಸ್ವಿಚ್ ಆರಿಸಿ ಹಾಕಿದಳೋ ಇಲ್ಲವೋ ಗೊತ್ತಿಲ್ಲ. ಗುಂಡಿಯನ್ನು ಮೇಲಕ್ಕೆ ಒತ್ತಿಬಿಟ್ಟಿದ್ದರೆ? ಎಲ್ಲ ಸರಿಯಾಗಿಯೇ ಮಾಡಿದ್ದರೂ ನಾನು ಹೇಳಿದ ಅಂಕಿಗೆ ಎಷ್ಟು ಹೊತ್ತು ನಡೆದೀತು? ರಾಜೇಶ್ವರದ ಹತ್ತಿರ ಒಂದು ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ ಇಸ್ಮಾಯಿಲ್ ಭಾಯಿಗೆ ಫೋನು ಹಚ್ಚಿದೆ. ಅವನು ಮನ್ನಾಏಖೇಳ್ಳಿಯಲ್ಲಿ ಯಾರದೋ ಅಂಗಡಿಯ ಮಾಳಿಗೆ ಮೇಲೆ ಇದ್ದ, ಸಂಜೆಗಿಂತ ಮೊದಲು ಇಳಿಯುವಂತಿರಲಿಲ್ಲ.

"ಹನ್ನೊಂದು ಎಂಟಾ? ಒಂದು ತಾಸು ನಡೀತದ, ಭಾಳಂದ್ರ ಒಂದೂವರಿ ತಾಸು" ಎಂದ. "ಮತ್ತ ಬಂದ್. ಹತ್ತೂವರಿ ಹೇಳ್ಬೇಕಿತ್ತಲ್ರಿ ಮಾಸ್ತರ್, ಸಂಜೀ ತನಕ ಎಳೀತಿತ್ತು."

"ಬ್ಯಾಟ್ರಿ ಹಾಳಾಗ್ತದಲ್ಲ ಭಾಯಿ" ಎಂದೆ. ಆಗಲೂ ಎಂದೆ, ನೋಡಿ.

ಅವನು ಸಣ್ಣ ದನಿಯಲ್ಲಿ ಹೇಳಿದ. "ಮೂವತ್ತು ವರ್ಷದಿಂದ ಬ್ಯಾಟ್ರಿ ನೋಡಾಕತ್ತೀನ್ರಿ. ಒಂದು ಸಲ ತಳಾ ಮುಟ್ಟಿದ್ರ ಸಾಯಂಗಿಲ್ಲ. ತಳಾ ಮುಟ್ಟಿಸಿ, ಚಾರ್ಜ್ ಮಾಡದೆ ಹಂಗೇ ಒಗದು ಮರೀತಾರ ನೋಡ್ರಿ, ಆಗ ಸಾಯ್ತದ. ಲೈಟ್ ಬಂದ ಕೂಡ್ಲೆ ತುಂಬಸ್ರಿ, ಎದ್ದು ಕುಂಡ್ರತದ. ಈಗ ಜಲ್ದಿ ಹೋಗ್ರಿ."

ನಾನು ಹತ್ತನೆಯ ಇಯತ್ತೆಗೆ ವರ್ಷಾ ವರ್ಷಾ ಹೇಳುವ ಪಾಠ ಇದು. ಆದರೆ ಪಾಠದಲ್ಲಿ ತಳ ಮುಟ್ಟಿಸಬಾರದು ಎಂಬ ಮೊದಲನೆಯ ವಾಕ್ಯ ಮಾತ್ರ ನನಗೆ ನೆನಪಿತ್ತು, ಕೂಡಲೇ ತುಂಬಿಸಿದರೆ ಏಳುತ್ತದೆ ಎಂಬ ಎರಡನೆಯದು ಹಾರಿಹೋಗಿತ್ತು. ಉಳಿದ ದಾರಿಯಲ್ಲಿ ನನ್ನ ಮೇಲೆ ನನಗೇ ಸಿಟ್ಟು. ಅವ್ವ ಬುಟ್ಟಿಯ ತಳದಲ್ಲಿ ರೊಟ್ಟಿ ಬಿಡುತ್ತಿದ್ದದ್ದು ಬುಟ್ಟಿ ಚೆನ್ನಾಗಿ ಬಾಳಲಿ ಎಂದಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಯಾರಾದರೂ ಹಸಿದು ಬಂದಾರು ಎಂದು. ಬಂದಾಗ ಆ ರೊಟ್ಟಿಯನ್ನು ಅರ್ಧ ಮುರಿದು ಕೊಡುತ್ತಿರಲಿಲ್ಲ, ಪೂರ್ತಿ ಕೊಟ್ಟು ಮೇಲೆ ಒಂದು ಚಮಚ ಎಣ್ಣೆ, ಖಾರ ಹಾಕುತ್ತಿದ್ದಳು. ಉಳಿಸುವುದನ್ನು ನಾನು ಚೆನ್ನಾಗಿ ಕಲಿತೆ. ಯಾರಿಗೆ ಎನ್ನುವುದನ್ನು ಕೇಳಿಸಿಕೊಂಡೇ ಇರಲಿಲ್ಲ. ಹುಮನಾಬಾದಿನೊಳಗೆ ಒಂದು ಲಾರಿ ಅಡ್ಡ ನಿಂತು ಹತ್ತು ನಿಮಿಷ ಹೋಯಿತು. ಆ ಹತ್ತು ನಿಮಿಷದಲ್ಲಿ ಲಾರಿಯವನಿಗೆ ನಾನು ಅಂದದ್ದು ಮಾಸ್ತರನ ಬಾಯಲ್ಲಿ ಬರುವ ಮಾತಲ್ಲ.

ಹುಡಗಿಯಲ್ಲಿ ಅಕ್ಕನ ಮನೆ ಮುಟ್ಟಿದಾಗ ಹನ್ನೊಂದೂಕಾಲು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಬಾಗಿಲು ದಾಟುವಾಗಲೇ ಇನ್ವರ್ಟರಿನ ಅಂಕಿ ನೋಡಿದೆ. 11.7. ನಾನು ಹೇಳಿದ ಗಡಿಗಿಂತ ಒಂದು ಹೆಜ್ಜೆ ಕೆಳಗೆ. ಅಂದರೆ ಆಗಲೇ ಬಂದ್ ಆಗಿದೆ, ನಾನು ತಡ ಮಾಡಿದೆ ಎಂದುಕೊಂಡೆ. ಆದರೆ ಕಾವು ಮಷೀನಿನ ಗಾಜಿನ ಕಿಟಕಿಯಲ್ಲಿ ಬಲ್ಬು ಉರಿಯುತ್ತಿತ್ತು. ಫ್ಯಾನು ತಿರುಗುವ ಸದ್ದೂ ಇತ್ತು.

"ಅಕ್ಕಾ, ಎಷ್ಟಕ್ಕ ಇಳಿಸೀದಿ?"

"ಎಲ್ಲಿ ತನಕ ಇಳೀತದೋ ಅಲ್ಲಿ ತನಕ" ಎಂದಳು ಅಕ್ಕ, ಕಣ್ಣು ಮಷೀನಿನ ಮೇಲೇ. "ಹತ್ತೂವರಿಗೆ ಬಂದು ನಿಂತ್ತು. ಮುಂದ ಹೋಗಲಿಲ್ಲ."

"ನಾ ಹನ್ನೊಂದು ಎಂಟು ಅಂದಿದ್ದೆ."

"ಅಂದಿದ್ದಿ. ನಿನ್ನ ದನಿ ನನಗ ಗೊತ್ತಿಲ್ಲೇನು? ಸಣ್ಣವಿದ್ದಾಗ ಬೆಲ್ಲ ಕೇಳಿದ್ರ ಇದೇ ದನೀಲೆ ಚೂರು ಕೊಡ್ತಿದ್ದಿ" ಎಂದಳು. ಗೋಡೆಗೊರಗಿದ ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ಅಡ್ಡ ಹಿಡಿದಳು. ನಾನು ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಬೈಸಿಕೊಂಡು ಇಷ್ಟು ಸಂತೋಷವಾದದ್ದು ಅದೇ ಮೊದಲು.

ಆದರೆ ಸಂತೋಷ ಪಡುವ ಹೊತ್ತು ಅದಾಗಿರಲಿಲ್ಲ. ಮಷೀನು ಅರ್ಧ ತಾಸು ತಣ್ಣಗಾಗಿತ್ತು, ಅದರಿಂದ ಏನಾಗಿದೆಯೋ ಯಾರಿಗೂ ಗೊತ್ತಿಲ್ಲ. ಚುಚ್ಚಿದ ಎರಡು ತತ್ತಿಗಳು ಚುಚ್ಚಿದಷ್ಟಕ್ಕೇ ನಿಂತಿದ್ದವು. ಮಾಮಾ ಕಂಬ ಎತ್ತುವವರ ಜೊತೆ ಹೊಲದಲ್ಲಿದ್ದ. ಸಂಜೆಗೆ ಲೈಟು ಬಂದರೆ ಬಂದೀತು ಎಂದು ಹೇಳಿ ಕಳಿಸಿದ್ದ. ನಮ್ಮ ಹತ್ತಿರ ಇದ್ದದ್ದು ಡಬ್ಬಿಯ ಮೇಲಿನ ಆ ಕೆಂಪು ಅಂಕಿ ಮಾತ್ರ.

ಇಳಿಯುವ ಅಂಕಿಯನ್ನು ಕೂತು ನೋಡುವುದಿದೆಯಲ್ಲ, ಅದು ಒಂದು ಬೇರೆಯೇ ಶಿಕ್ಷೆ. ಹನ್ನೆರಡರ ಹೊತ್ತಿಗೆ 11.6. ಒಂದು ಗಂಟೆಗೆ 11.4. ನಾನು ಅದನ್ನೇ ನೋಡುತ್ತಿದ್ದೆ, ಹೆಂಗಸರು ತತ್ತಿಗಳನ್ನೇ ನೋಡುತ್ತಿದ್ದರು. ಒಂದೇ ಪಡಸಾಲೆಯಲ್ಲಿ ಕೂತು ನಾವು ಎರಡು ಬೇರೆ ವಸ್ತುಗಳಿಗೆ ಜೀವ ಹಿಡಿದುಕೊಂಡಿದ್ದೆವು. ಒಂದೂವರೆಗೆ ಚುಕ್ಕೆಯ ಗುರುತಿನ ತತ್ತಿಯೊಂದು ಅಲುಗಿತು. ಸಿಪ್ಪೆಯ ಸುತ್ತ ಗೀರು ಬಂತು. ಅರ್ಧ ಟೋಪಿ ತೆಗೆದಂತೆ ಮೇಲಿನ ಭಾಗ ಸರಿದು, ಒದ್ದೆಯಾದ, ಪುಕ್ಕ ಅಂಟಿದ, ನೋಡಲು ಚೆಂದವೇನೂ ಅಲ್ಲದ ಒಂದು ಜೀವ ಹೊರಗೆ ಬಿತ್ತು. ಯಾರೂ ಕೂಗಲಿಲ್ಲ. ಚುಕ್ಕೆ ಮನೆಯವಳು ಮಾತ್ರ ಎದ್ದು ಬಂದು ಅಕ್ಕನ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತಳು, ಆಮೇಲೆ ಬಿಡಲಿಲ್ಲ.

ಅಲ್ಲಿಂದ ಒಂದರ ಹಿಂದೆ ಒಂದು. ಮೂರು ಗಂಟೆಗೆ 11.1, ಮರಿ ಹದಿನಾಲ್ಕು. ನಾಲ್ಕಕ್ಕೆ 10.9, ಮರಿ ಮೂವತ್ತರ ಹತ್ತಿರ. ಊಟದ ನೆನಪು ಯಾರಿಗೂ ಇಲ್ಲ. ಒಂದು ಏರುತ್ತಿತ್ತು, ಒಂದು ಇಳಿಯುತ್ತಿತ್ತು. ಹತ್ತೂಮುಕ್ಕಾಲಿನ ನಂತರ ಬ್ಯಾಟರಿ ಬೇಗ ಬೇಗ ಇಳಿಯುತ್ತದೆ ಎಂದು ನನಗೆ ಗೊತ್ತಿತ್ತು, ಆ ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡೆ. ಐದಕ್ಕೆ 10.6. ನಲವತ್ತೊಂದು ಮರಿಗಳು ಒಂದರ ಮೇಲೊಂದು ಬಿದ್ದು ಕೂಗುತ್ತಿದ್ದವು. ಉಳಿದ ತತ್ತಿಗಳನ್ನು ಅಕ್ಕ ಒಂದೊಂದಾಗಿ ಕಿವಿಗೆ ಹಿಡಿದು ತಲೆ ಅಲ್ಲಾಡಿಸಿ ಬದಿಗಿಟ್ಟಿದ್ದಳು. ಹೋಗಲಿ, ಹತ್ತೂ ಮನೆಗಳಿಗೆ ಪಾಲು ಬಂದಿತ್ತು.

ನನ್ನ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು.

"ಎಲ್ಲಿಗೆ?" ಎಂದಳು ಅಕ್ಕ.

"ಎಲ್ಲಾ ಆದಂಗ ಆಯ್ತಲ್ಲ. ಬಂದ್ ಮಾಡ್ತೀನಿ. ಬ್ಯಾಟ್ರಿಗೂ ಒಂದೀಟು ಉಸಿರಿರ್ಲಿ."

"ಇನ್ನೂ ಒಂದು ಚುಚ್ಚಾಕತ್ಯಾದ. ಕಾಣವಲ್ದೇನು ನಿನಗ?"

ಕಾಣುತ್ತಿರಲಿಲ್ಲ, ನಿಜ. ಮೂಲೆಯಲ್ಲಿ ಒಂದು ತತ್ತಿ, ಅದರ ಮೇಲೆ ಸಾಸಿವೆಯಷ್ಟು ತೂತು. ಕೈ ಹಿಂದೆಗೆದೆ. ಬ್ಯಾಟರಿ 10.5ಕ್ಕೆ ಇಳಿದು, ಒಂದು ಸಲ ಕಿರ್ ಎಂದಿತು. ಬಲ್ಬು ಆರಿತು, ಫ್ಯಾನು ಮೆಲ್ಲಗೆ ನಿಂತಿತು. ಹುಟ್ಟಿ ಬಂದ ನಲವತ್ತೊಂದನ್ನು ಹೆಂಗಸರು ಕೌದಿ ಹಾಸಿದ ಬುಟ್ಟಿಗಳಿಗೆ ಇಳಿಸಿಕೊಂಡರು, ಅವು ಒಂದರ ಮೈಗೆ ಒಂದು ಒತ್ತಿಕೊಂಡು ಬೆಚ್ಚಗೇ ಇರುತ್ತವೆ. ಇನ್ನೂ ಹುಟ್ಟಬೇಕಾದದ್ದು ಒಂದೇ. ಅಕ್ಕ ಅದನ್ನು ಎತ್ತಿ ನನ್ನ ಎರಡೂ ಅಂಗೈ ಕೂಡಿಸಿ ಒಳಗಿಟ್ಟು, ಮೇಲೆ ತನ್ನ ಕೈಯಿಂದ ಮುಚ್ಚಿ ಒತ್ತಿದಳು.

"ಹಿಡಿ. ಈಗ ನೀನೇ ಮಷೀನ್."

"ಎಷ್ಟೊತ್ತು?"

"ಅದು ಹೊರಗ ಬರೂ ತನಕ."

ಪಡುವಣ ಬಿಸಿಲು ಬೀಳುವ ಕಟ್ಟೆಯ ಮೇಲೆ, ಮನೆಗೆ ಬೆನ್ನು ಮಾಡಿ ಕೂತೆ. ಹೆಗಲ ಮೇಲೆ ಯಾರೋ ಒಂದು ಶಾಲು ಹಾಕಿ ಹೋದರು. ಮೊದಲ ಹತ್ತು ನಿಮಿಷ ಏನೂ ಅನ್ನಿಸಲಿಲ್ಲ. ಆಮೇಲೆ ಮೊಣಕೈ ನೋಯತೊಡಗಿತು. ಎಡಗಾಲು ಜೋಮು ಹಿಡಿಯಿತು. ಮೂಗಿನ ಮೇಲೆ ಒಂದು ನೊಣ ಕೂತು, ನನ್ನ ಕೈ ಕಟ್ಟಿದೆ ಎಂದು ಗೊತ್ತಾದವರಂತೆ ಸಾವಕಾಶ ಅಡ್ಡಾಡಿತು. ಎರಡು ನಿಮಿಷ ಯಾರಾದರೂ ಹಿಡಿಯಿರಿ ಎಂದು ಕೂಗೋಣ ಅನ್ನಿಸಿತು. ಇನ್ನು ಎಷ್ಟು ಉಳಿದಿದೆ ಎಂದು ನೋಡಲು ನನ್ನ ಮೇಲೆ ಎಲ್ಲೂ ಕೆಂಪು ಅಂಕಿ ಇರಲಿಲ್ಲ. ಅಷ್ಟರಲ್ಲಿ ಅಂಗೈಗೆ ಒಳಗಿನಿಂದ ಯಾರೋ ಉಗುರಿನಿಂದ ಕುಟ್ಟಿದ ಹಾಗಾಯಿತು. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಕೂಗುವ ಬದಲು ಕೈಗಳ ಸಂದಿಗೆ ಬಾಯಿ ಇಟ್ಟು ಬಿಸಿ ಉಸಿರು ಬಿಟ್ಟೆ. ಹಾಗೆ ಮಾಡಬೇಕೋ ಬೇಡವೋ ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಬಿಸಿಲು ಕಟ್ಟೆ ಬಿಟ್ಟು ಬೆನ್ನ ಹಿಂದಿನ ಗೋಡೆ ಏರಿತ್ತು. ಕೆಸರುಗಾಲಿನ ಮಾಮಾ ಹೊಲದಿಂದ ಬಂದು ನನ್ನನ್ನು ನೋಡಿ ನಿಂತ.

"ಮಾಸ್ತರ್ ಯಾಕ ಹಿಂಗ ಕುಂತಾನ?" ಎಂದು ಒಳಗಿದ್ದ ಅಕ್ಕನನ್ನು ಕೇಳಿದ. "ಲೈಟ್ ಬಂದು ಅರ್ಧಾ ತಾಸು ಆಯ್ತಲ್ಲ. ಮಷೀನ್ದಾಗ ಇಡಬಾರ್ದೇನು?"

"ಸುಮ್ನಿರ್ರಿ" ಎಂದಳು ಅಕ್ಕ ಒಳಗಿನಿಂದ. "ಅವನ ಕೈ ಮಷೀನ್‌ಕಿಂತ ಬೆಚ್ಚಗ ಅವ."

ನನಗೆ ಕೇಳಿಸಿತು. ಏಳಬಹುದಿತ್ತು, ಒಳಗೆ ಲೈಟಿತ್ತು, ಬಲ್ಬು ಉರಿಯುತ್ತಿತ್ತು, ಬ್ಯಾಟರಿಯೂ ಆಗಲೇ ಚಾರ್ಜಿಗೆ ಕೂತಿತ್ತು. ನಾನು ಏಳದೆ ಶಾಲನ್ನು ಗದ್ದದಿಂದಲೇ ಇನ್ನಷ್ಟು ಎಳೆದುಕೊಂಡು ಕೈಗಳನ್ನು ಬಿಗಿಯಾಗಿ ಮುಚ್ಚಿದೆ. ಒಳಗಿನಿಂದ ಮತ್ತೆ ಕುಟ್ಟಿತು. ಮರಿ ಬರುತ್ತದೆ ಬಿಡಿ, ಅವಸರವೇನಿಲ್ಲ ಎಂದು ಮಾಮಾನಿಗೆ ಹೇಳಿದೆ.